ಮಧ್ಯಾಹ್ನದ ಆಟದಲ್ಲಿ ಸದ್ದಿಲ್ಲದ ಹೊಡೆದಾಟ

ಹೊಸಪೇಟೆ
೧೨-೨-೨೦೦೬

ದೊಡ್ಡಮ್ಮನಿಗೆ ಅರ್ಚಿತಾಳ ನಮಸ್ಕಾರ.

"ಸಿನಿಮಾ ನೋಡೋಕೂ ಎಂ.ಎ. ಓದಬೇಕೇನೇ?" ಎಂದು ಹೊರಡುವಾಗ ಕೇಳಿದ್ದಿರಲ್ಲ. ಪರದೆಗೆ ಬೆನ್ನು ಹಾಕಿ ಕೂತು, ನೋಡುವವರನ್ನು ನೋಡಿ ಬರೆಯುವುದು ನಮ್ಮ ಮೊದಲ ಪಾಠ. ಇಲ್ಲಿನ ಟಾಕೀಸಿನಲ್ಲಿ ಮಧ್ಯಾಹ್ನದ ಆಟಕ್ಕೆ ಬರುವ ಲಾರಿ ಡ್ರೈವರುಗಳು ಕೆಂಧೂಳು ಮೆತ್ತಿದ ಅಂಗಿಯಲ್ಲೇ ನಿದ್ದೆಹೋಗುತ್ತಾರೆ. ಪರದೆಯ ಮೇಲೆ ಹೊಡೆದಾಟ ಶುರುವಾದರೆ ಸದ್ದೇ ಅಡಗುತ್ತದೆ. "ಪ್ರೇಕ್ಷಕರಿಗೆ ಆಸಕ್ತಿಯಿಲ್ಲ, ಧ್ವನಿ ಕೆಟ್ಟಿದೆ" ಎಂದು ಮೂರು ದಿನ ಬರೆದೆ.

ನಿನ್ನೆ ಪ್ರೊಜೆಕ್ಟರ್ ಓಡಿಸುವ ಮೂಕಣ್ಣನವರನ್ನು ಕೇಳಿದೆ.

"ಕೆಟ್ಟಿಲ್ರಿ, ನಾನ ಕಡಿಮಿ ಮಾಡ್ತೀನಿ. ರಾತ್ರಿಯೆಲ್ಲಾ ಸಂಡೂರಿಂದ ಅದಿರಿನ ಲಾರಿ ಹೊಡದು ಬಂದಿರ್ತಾರ, ಸಂಜೀಕ ಮತ್ತ ಹೋಗಬೇಕು. ಇಲ್ಲಿ ನಿದ್ದಿ ಆಗಲಿಲ್ಲಂದ್ರ ಸ್ಟೇರಿಂಗ್ ಮ್ಯಾಲ ಮಕ್ಕಂತಾರ. ನೀವೂ ಅದ ರೋಡಿನ್ಯಾಗ ಬಸ್ಸಿಗೆ ಬರ್ತೀರಿಲ್ರಿ?"

ಬರೆದ ಹಾಳೆಗಳನ್ನು ಹರಿದುಹಾಕಿದ್ದೇನೆ. ಮೈಸೂರಿಗೆ ಬಂದು ಮೇಷ್ಟ್ರಿಗೆ ಏನು ತೋರಿಸುವುದೋ ಗೊತ್ತಿಲ್ಲ. ಧೂಳಿಗೆ ಕೆಮ್ಮು ಹಿಡಿದಿದೆ, ಜ್ವರವಿಲ್ಲ, ಗಾಬರಿಯಾಗಬೇಡಿ. ಉಳಿದುಕೊಂಡಿರುವುದು ಗಾದಿಗನೂರಿನ ಗೆಳತಿಯ ಮನೆಯಲ್ಲಿ. ದಿನಾ ಬಸ್ಸಿನಲ್ಲಿ ಓಡಾಟ. ಎದುರಿಗೆ ಅದಿರಿನ ಲಾರಿ ಬಂದರೆ ಈಗ ಮೊದಲು ಡ್ರೈವರನ ಕಣ್ಣು ನೋಡುತ್ತೇನೆ.

ಬಸ್ಸು ಬಂತು.

ಅರ್ಚಿತಾ