ಬೇಲಾಪುರದ ಖಾಲಿ ಕುರ್ಚಿಗಳು

4 ನವೆಂಬರ್, ಮಂಗಳವಾರ

ಥಾಣೆಯ ಕೋಪರಿ ಆಫೀಸು. ಕಲ್ಯಾಣದ ಲ್ಯಾಬ್‌ನಿಂದ ರಕ್ತಪರೀಕ್ಷೆಯ ರಿಪೋರ್ಟುಗಳು ಬಂದವು. ನಮ್ಮ ಸಾಫ್ಟ್‌ವೇರ್ ಓದಿತು, ತಪ್ಪು ಹಿಡಿಯಿತು, ವಾಪಸ್ ಕಳಿಸಿತು. ಏಳು ವರ್ಷದಿಂದ ಇದೇ ಕೆಲಸ.

ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದೆ. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಇಲ್ಲಿ ಜಾಗ ಸಿಗದಿದ್ದರೆ ಇಂದೋರ್ ಎನ್ನುತ್ತಾನೆ ಪಾರ್ಟ್‌ನರ್ ಯೋಗೀಶ್. ಶ್ರದ್ಧಾ ಬರಲಾರಳು. ಡೊಂಬಿವಲಿಯಲ್ಲಿ ಅಮ್ಮನಿಗೆ ಡಯಾಲಿಸಿಸ್. ಅವಳಿಲ್ಲದೆ ಸಾಫ್ಟ್‌ವೇರ್ ನಡೆಯದು — ಬರೆದವಳೇ ಅವಳು.

ಪೇಪರಿನಲ್ಲಿ ರಾಜ್ಯ ಸರಕಾರದ ಹೊಸ ನೀತಿ: ಜ್ಞಾನಾಧಾರಿತ ಉದ್ಯಮಗಳನ್ನು ಆಕರ್ಷಿಸಿ, ಉಳಿಸಿಕೊಳ್ಳಲಾಗುವುದು. ಅಂಥವರಿಗೆ ಆಫೀಸು ಜಾಗ ಕೊಡುವ ಕೇಂದ್ರ ಹತ್ತಿರದ ಬೇಲಾಪುರದಲ್ಲಿ.

7 ನವೆಂಬರ್, ಶುಕ್ರವಾರ

ಬೇಲಾಪುರ. ಇಡೀ ಮಹಡಿ ಖಾಲಿ. ಕುರ್ಚಿಗಳ ಪ್ಲಾಸ್ಟಿಕ್ ಕೂಡ ತೆಗೆದಿಲ್ಲ. ಆದರೂ ಜಾಗ ಹೊರರಾಜ್ಯದಿಂದ ಬರುವವರಿಗೆ ಮಾತ್ರವಂತೆ.

"ಮತ್ತೆ ಉಳಿಸಿಕೊಳ್ಳುವುದು?" ಎಂದೆ.

"ಆಪ್ ತೋ ಯಹೀಂ ಹೋ ನಾ, ಮ್ಯಾಡಮ್!" ಅಧಿಕಾರಿ ಪಾಟಣಕರ್ ನಕ್ಕರು, ಇಲ್ಲೇ ಇರುವವರನ್ನು ಉಳಿಸಿಕೊಳ್ಳುವುದೇನು ಎಂಬಂತೆ. ಉಪಾಯವನ್ನೂ ಹೇಳಿಕೊಟ್ಟರು — ಇಲ್ಲಿ ಮುಚ್ಚಿ, ಬೆಂಗಳೂರಿನಲ್ಲಿ ರಿಜಿಸ್ಟರ್ ಮಾಡಿಸಿ, ಮರಳಿ ಬನ್ನಿ. ಆಗ ನೀವು 'ಆಕರ್ಷಿತರು'.

ಯೋಗೀಶ್‌ಗೆ ತಡೆಯಲಾಗಲಿಲ್ಲ. ಲಿಫ್ಟಿನಲ್ಲಿ ಕೂಗಿಯೇಬಿಟ್ಟ: "ನಾವು ಎಂತ ಮದುಮಗಳಾ ಮಾರಾಯ್ತಿ, ಹೊರಗೆ ಹೋಗಿ ಬಲಗಾಲಿಟ್ಟು ಒಳಗೆ ಬರ್ಲಿಕ್ಕೆ?"

17 ನವೆಂಬರ್, ಸೋಮವಾರ

ಪಾಟಣಕರ್ ಫೋನ್. ದೆಹಲಿಯಿಂದ ನಿಯೋಗ ಬರುತ್ತಿದೆ, ಮಹಡಿ ತುಂಬಿರಬೇಕು. ನಾಳೆ ಒಂದು ದಿನ ನಿಮ್ಮವರನ್ನು ಕೂರಿಸುತ್ತೀರಾ?

ನಮಗೆ ಕೊಡದ ಕುರ್ಚಿ. ಅದರಲ್ಲಿ ಕೂತು ತೋರಿಸಬೇಕು! ಫೋನ್ ಕುಕ್ಕಲು ಹೋದೆ. ಶ್ರದ್ಧಾ ಕೈ ಹಿಡಿದು, ಹೂಂ ಅನ್ನಿ ಎಂದಳು: "ಹಾಂ ಬೋಲೋ, ದೀದಿ."

18 ನವೆಂಬರ್, ಮಂಗಳವಾರ, ಮಧ್ಯಾಹ್ನ

ಎಲ್ಲರೂ ಬಂದಿದ್ದೇವೆ. ಲ್ಯಾಪ್‌ಟಾಪ್, ಸರ್ವರ್, ಚಹಾದ ಕೆಟಲ್ ಸಮೇತ. ಮೇಜುಗಳ ಮೇಲೆ ಫಲಕ — ಬೆಂಗಳೂರಿನ ಯಾವುದೋ ಕಂಪನಿ ಹೆಸರು. ಅದು ಇನ್ನೂ ಬಂದೇ ಇಲ್ಲ.

ನಿಯೋಗದ ಹೆಂಗಸೊಬ್ಬರು ಶ್ರದ್ಧಾಳ ಬಳಿ ನಿಂತರು. ಬೆಂಗಳೂರಿನಿಂದ ಯಾವಾಗ ಬಂದಿರಿ?

"ಮೈ ಡೊಂಬಿವಲೀ ಸೆ. ಆಜ್ ಹೀ ಆಯೀ. ಶಾಮ್ ಕೋ ನಿಕಾಲ್ ದೇಂಗೇ."

ಡೊಂಬಿವಲಿಯವಳು, ಇವತ್ತೇ ಬಂದದ್ದು, ಸಂಜೆ ಹೊರಗೆ ಹಾಕುತ್ತಾರೆ — ಅಷ್ಟನ್ನೂ ಹೇಳಿಬಿಟ್ಟಳು! ಆ ಹೆಂಗಸು ಪಾಟಣಕರ್ ಮುಖ ನೋಡಿದರು. ಪಾಟಣಕರ್ ಕಿಟಕಿ ನೋಡಿದರು.

ಅದೇ ದಿನ, ಸಂಜೆ

ನಿಯೋಗ ಹೋಯಿತು. ಏಳಿ ಎಂದರು ಪಾಟಣಕರ್. ಏಳಲಿಲ್ಲ. ಕಲ್ಯಾಣದ ರಿಪೋರ್ಟುಗಳು ಬರುತ್ತಿವೆ, ಕೆಲಸ ನಿಲ್ಲಿಸುವ ಹಾಗಿಲ್ಲ. ಫಲಕ ತಿರುಗಿಸಿ ಬೆನ್ನಿಗೆ ನಮ್ಮ ಹೆಸರು ಬರೆದೆ. ಕೆಳಗೆ: ಕೋಪರಿ, ಥಾಣೆ. ಮಾರ್ಕರ್ ಸರಕಾರದ್ದೇ.

ಎಸಿ ನಿಲ್ಲಿಸಿದರು. ಆಮೇಲೆ ದೀಪ. ಸ್ಕ್ರೀನಿನ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಸೆಕ್ಯುರಿಟಿಯವರನ್ನು ಕರೆದುಕೊಂಡು ಪಾಟಣಕರ್ ಮತ್ತೆ ಬಂದಿದ್ದಾರೆ.

"ಯಾವ ಕಂಪನಿ ಏಳ್ಬೇಕು ಸಾಹೇಬ್ರೇ?" ಯೋಗೀಶ್ ಹಿಂದಿಯನ್ನೇ ಮರೆತಿದ್ದಾನೆ. "ನೀವು ತೋರಿಸಿದ್ದಾ? ಇಲ್ಲಿ ಇರುದಾ?"

ಪಾಟಣಕರ್ ಫಲಕ ಕೈಗೆತ್ತಿಕೊಂಡರು. ನಮ್ಮ ಹೆಸರಿನ ಬದಿ ಓದಿದರು. ಈಗ ತಿರುಗಿಸಿ ಬೆಂಗಳೂರಿನ ಹೆಸರು ಓದುತ್ತಿದ್ದಾರೆ—