ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ಮನೆ, ಹೊಲಿಗೆ ಕೋಣೆಯಿಂದ
ಹದಿನಾಲ್ಕನೆಯ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ನೆಲವೇ ಕಾಣದ ನೀರಿನ ನಡುವೆ ಎಂಜಿನ್ ಜೊತೆ ಸಂಸಾರ ಹೂಡಿರುವವಳಿಗೆ ನಿನ್ನ ಅತ್ತೆ ಮನಸಾರೆ ಹರಸಿ ಹೇಳುವುದೇನೆಂದರೆ, ಮೊದಲು ಹೊತ್ತಿಗೆ ಸರಿಯಾಗಿ ಊಟ ಮಾಡು. ಮೊಣಕೈಗೆ ಬಿಸಿ ಕೊಳವೆ ತಗುಲಿ ಸುಟ್ಟಿತೆಂದು ಬರೆದಿದ್ದೆಯಲ್ಲ, ಆ ಗಾಯ ಒಣಗಿತೇ? ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಗ್ರೀಸಿನ ಮೇಲೆ ಗ್ರೀಸು ಮೆತ್ತಿಕೊಂಡು ಓಡಾಡುತ್ತಿದ್ದೀಯೋ? ಹಡಗು ತೂಗಾಡುವಾಗ ನಿದ್ದೆಯಾದರೂ ಬರುತ್ತದೆಯೇ? ನನಗಿಲ್ಲಿ ಮಂಚ ಕಿರ್ ಎಂದರೂ ಎಚ್ಚರವಾಗುತ್ತದೆ, ನೀನು ಅದು ಹೇಗೆ ಮಲಗುತ್ತೀಯೋ ತಾಯಿ. ನಾವೆಲ್ಲ ಆರಾಮ. ನನ್ನ ಮೊಣಕಾಲು ಮೆಟ್ಟಿಲು ಕಂಡಾಗ ಮಾತ್ರ ಮುನಿಸಿಕೊಳ್ಳುತ್ತದೆ. ನಿನ್ನ ಗಂಡ ಬೇಕರಿಯ ಒಲೆ ಮುಂದೆ ನಿಂತು ನಿಂತು ತಾನೂ ಬನ್ನಿನ ಹಾಗೆ ಉಬ್ಬುತ್ತಿದ್ದಾನೆ. ಇನ್ನು ನಿನ್ನ ದೊರೆಸಾನಿ. ಮದುವೆಯಾಗಿ ಬರುವಾಗ ಬುಟ್ಟಿಯಲ್ಲಿ ಹೊತ್ತು ತಂದ ಆ ಬೆಕ್ಕಿನ ಸುದ್ದಿ ಹೇಳಲಿಕ್ಕೇ ಈ ಕಾಗದ ಹಿಡಿದು ಕೂತಿದ್ದೇನೆ.

ನೀನು ಹೊರಟು ಆರು ತಿಂಗಳಾಗುತ್ತ ಬಂತು. ಈ ಆರು ತಿಂಗಳಲ್ಲಿ ನಿನ್ನ ಗಂಡ ಅವಳ ಬಗ್ಗೆ ಕಳಿಸಿದ ಸುದ್ದಿ ನಾನು ಬಲ್ಲೆ: ‘ಬೆಕ್ಕಿಗೆ ಸ್ವಲ್ಪ ಹುಷಾರಿಲ್ಲ’, ‘ಸಕ್ಕರೆ ಕಾಯಿಲೆಯಂತೆ’, ‘ಔಷಧಿ ನಡೀತಿದೆ’. ಮಾತಿನ ಜಿಪುಣತನದಲ್ಲಿ ಅವನು ಥೇಟ್ ಅವನಪ್ಪ. ಅಷ್ಟು ಓದಿ ನೀನು ಅಲ್ಲಿ ಏನೇನು ಕಲ್ಪಿಸಿಕೊಂಡೆಯೋ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ, ಕೊನೆ ಚೆನ್ನಾಗಿದೆ, ಹೆದರದೆ ಓದು.

ನೀನು ಹೋದ ತಿಂಗಳಿಗೇ ಅವಳ ನೀರಿನ ಬಟ್ಟಲು ತುಂಬಿಟ್ಟಷ್ಟೂ ಖಾಲಿಯಾಗತೊಡಗಿತು. ಅವಳ ಮರಳಿನ ತಟ್ಟೆ ಎತ್ತಲು ಹೋದರೆ ಕಲಸಿದ ಸಿಮೆಂಟಿನಷ್ಟು ಭಾರ. ತಿನ್ನುವುದಂತೂ ಹಗಲೆಲ್ಲಾ, ಆದರೂ ಬೆನ್ನು ಸವರಿದರೆ ಮೂಳೆ ಲೆಕ್ಕ ಸಿಗುತ್ತಿತ್ತು. ನಿನ್ನ ನೆನಪಲ್ಲಿ ಸೊರಗುತ್ತಿದ್ದಾಳೆ ಎಂದುಕೊಂಡೆ. ಒಂದು ದಿನ ನೋಡುತ್ತೇನೆ, ದೊಡ್ಡವರ ಚಪ್ಪಲಿ ಮೆಟ್ಟಿದ ಮಗುವಿನ ಹಾಗೆ ಹಿಂಗಾಲಿನ ಹಿಮ್ಮಡಿಯನ್ನೇ ನೆಲಕ್ಕೆ ಊರಿಕೊಂಡು ನಡೆಯುತ್ತಿದ್ದಾಳೆ. ಬಟ್ಟೆ ಕತ್ತರಿಸುವ ಮೇಜಿಗೆ ಹಾರಲು ನೋಡಿದಳು, ಅರ್ಧಕ್ಕೇ ಜಾರಿ ಬಿದ್ದಳು. ಬಿದ್ದವಳು ನನ್ನ ಮುಖ ನೋಡಲಿಲ್ಲ, ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ಅವತ್ತೇ ಗಿರಾಕಿಯ ಕೋಟನ್ನು ಮೆಷಿನ್ನಿನ ಮೇಲೆ ಬಿಟ್ಟು, ಬಟ್ಟೆ ಚೀಲದಲ್ಲಿ ಅವಳನ್ನು ಕೂರಿಸಿಕೊಂಡು, ಮಗನನ್ನು ಬೇಕರಿಯಿಂದ ಎಬ್ಬಿಸಿಕೊಂಡು, ಪ್ರಾಣಿಗಳ ಡಾಕ್ಟರ ಹತ್ತಿರ ಹೋದೆ.

ಡಾಕ್ಟರಮ್ಮ ನಿನ್ನ ವಯಸ್ಸಿನವಳೇ, ಕನ್ನಡಕ ತಲೆಯ ಮೇಲಿಟ್ಟು ಮನೆಯೆಲ್ಲ ಹುಡುಕುವ ಜಾತಿ. ರಕ್ತ ನೋಡಿ, “ಸಕ್ಕರೆ ನಾನೂರ ಮೂವತ್ತು ಇದೆ ಅಮ್ಮಾ. ಡಯಾಬಿಟಿಸ್” ಎಂದಳು. ನನಗೆ ನಗು ಬಂತು. “ಬೆಕ್ಕಿಗೂ ಬರುತ್ತಾ? ಇದು ಸಿಹಿ ಮೂಸಿಯೂ ನೋಡಲ್ವಲ್ಲ” ಎಂದೆ. ಏನೇನು ಹಾಕುತ್ತೀರಿ ಎಂದು ಕೇಳಿದಾಗ ನಿನ್ನ ಗಂಡ ಕಿವಿತನಕ ಕೆಂಪಾದ. ಬೇಕರಿಯಿಂದ ಬೆಣ್ಣೆ ಸವರಿದ ಬನ್ನಿನ ಚೂರು ಜೇಬಿನಲ್ಲಿ ತಂದು ದಿನಾ ಕದ್ದು ತಿನ್ನಿಸುತ್ತಿದ್ದನಂತೆ ಮಹಾಶಯ! ಕಾಯಿಲೆಗೆ ಅದೊಂದೇ ಕಾರಣವಲ್ಲ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದಳು. ಬನ್ನು, ಒಣ ತಿಂಡಿ ಎರಡೂ ಬಂದ್, ಡಬ್ಬಿಯ ಮಾಂಸ ಮಾತ್ರ. ಬೆಳಿಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು ಇನ್ಸುಲಿನ್ ಚುಚ್ಚಬೇಕು, ಹನ್ನೆರಡು ಗಂಟೆ ಅಂತರ ತಪ್ಪಬಾರದು, ಹೊಟ್ಟೆಗೆ ತಿನ್ನದೆ ಚುಚ್ಚಬಾರದು. ಮನೆಯಲ್ಲೇ ಕಿವಿಯಿಂದ ಒಂದು ಹನಿ ರಕ್ತ ತೆಗೆದು ಮೀಟರಿನಲ್ಲಿ ನೋಡಬೇಕು. ರಕ್ತ ಎಂದ ಕೂಡಲೇ ನಿನ್ನ ಗಂಡ ಗೋಡೆ ಹಿಡಿದುಕೊಂಡ. ಡಾಕ್ಟರಮ್ಮ ನನ್ನ ಕಡೆ ತಿರುಗಿದಳು. “ನಲವತ್ತು ವರ್ಷದಿಂದ ಸೂಜಿ ಹಿಡಿದಿದ್ದೀನಿ, ಕೊಡಿ ಇಲ್ಲಿ” ಎಂದೆ. ಜಂಬದಲ್ಲಿ ಹೇಳಿಬಿಟ್ಟೆ ಕಣೇ. ಬಟ್ಟೆ ಉಸಿರಾಡುವುದಿಲ್ಲ ಎನ್ನುವುದು ಮನೆಗೆ ಬಂದಮೇಲೆ ಹೊಳೆಯಿತು.

ಮೊದಲ ದಿನದ ಸಂಗತಿ ಕೇಳಬೇಡ. ಭುಜದ ಹತ್ತಿರ ಚರ್ಮವನ್ನು ನೆರಿಗೆ ಹಿಡಿದ ಹಾಗೆ ಎತ್ತಿ ಚುಚ್ಚಿದೆ, ಸೂಜಿ ಈ ಕಡೆಯಿಂದ ಹೊಕ್ಕು ಆ ಕಡೆ ಬಂತು, ಔಷಧಿಯೆಲ್ಲ ಕೂದಲ ಮೇಲೆ. ಎಷ್ಟು ಹೋಯಿತೋ ಗೊತ್ತಾಗದಿದ್ದರೆ ಎರಡನೇ ಸಲ ಹಾಕಲೇಬಾರದು ಎಂದಿದ್ದಳು ಡಾಕ್ಟರಮ್ಮ, ಹಾಗಾಗಿ ಸಂಜೆಯ ತನಕ ಕೈಕಟ್ಟಿ ಕೂತೆ. ದೊರೆಸಾನಿ ಹೊಲಿಗೆ ಮೆಷಿನ್ನಿನ ಕೆಳಗೆ ಸೇರಿಕೊಂಡು ಇಡೀ ದಿನ ನನ್ನನ್ನು ಪೊಲೀಸಿನವಳ ಹಾಗೆ ದಿಟ್ಟಿಸಿದಳು. ಕಿವಿಯದು ಇನ್ನೊಂದು ಕಥೆ. ಮೂರು ದಿನ ಚುಚ್ಚಿದರೂ ಹನಿ ಬರಲಿಲ್ಲ. ಬಂದದ್ದು ನನ್ನ ಬೆರಳಿನದು! ಆಮೇಲೆ ಉಪಾಯ ಹೊಳೆಯಿತು. ಇಸ್ತ್ರಿಯ ಶಾಖ ತಾಗಿಸಿದ ಬಟ್ಟೆಯನ್ನು ನನ್ನ ಕೆನ್ನೆಗೆ ಹಿಡಿದು ನೋಡಿ, ಹದವಾಗಿದ್ದರೆ ಅವಳ ಕಿವಿಗೆ ಒಂದು ನಿಮಿಷ ಒತ್ತುವುದು, ಹಿಂದುಗಡೆ ಹತ್ತಿ ಇಟ್ಟು ಅಂಚಿಗೆ ಮೆಲ್ಲಗೆ ಚುಚ್ಚುವುದು. ಮಣಿಯ ಹಾಗೆ ಕೆಂಪು ಹನಿ ಎದ್ದು ನಿಂತಿತು. ನಾನು ಕೂಗಿದ ಕೂಗಿಗೆ ಕೆಳಗಿನ ಮನೆಯವರು ಬಾಗಿಲು ತೆಗೆದರಂತೆ. ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲಿ ಅವಳಿಗೂ ಒಂದು ಪುಟ ತೆರೆದೆ. ತಾರೀಕು, ಹೊತ್ತು, ಮೀಟರಿನ ಅಂಕಿ, ಎಷ್ಟು ಚುಚ್ಚಿದೆ, ಎಷ್ಟು ತಿಂದಳು. ಮೂರು ವಾರದಲ್ಲಿ ನಾನೂರು ಇದ್ದದ್ದು ಮುನ್ನೂರಾಯಿತು, ಇನ್ನೂರ ಇಪ್ಪತ್ತಾಯಿತು. ನೀರಿನ ಬಟ್ಟಲು ಸಂಜೆಗೂ ಅರ್ಧ ಉಳಿಯತೊಡಗಿತು.

ಆಮೇಲೆ ಏನಾಯಿತೋ, ಅಂಕಿ ತಿರುಗಿ ಹತ್ತಿತು. ಇನ್ನೂರ ಎಂಬತ್ತು, ಮುನ್ನೂರ ಐವತ್ತು, ನಾನೂರು. ಡಾಕ್ಟರಮ್ಮ ಒಂದು ಯೂನಿಟ್ ಇದ್ದದ್ದನ್ನು ಎರಡು ಮಾಡಿದಳು. ಊಹೂಂ, ಇಳಿಯಲೊಲ್ಲದು. ಐದು ಕಿಲೋ ತೂಗುತ್ತಿದ್ದವಳು ಮೂರೂವರೆಗೆ ಇಳಿದಳು, ಮೈ ನೆಕ್ಕಿಕೊಳ್ಳುವುದನ್ನೂ ಬಿಟ್ಟಳು. ಅಂಕಿ ಹತ್ತತೊಡಗಿದ ಐದನೇ ವಾರ ಡಾಕ್ಟರಮ್ಮ ಅವಳ ತಲೆ ಸವರುತ್ತ, “ಕೆಲವಕ್ಕೆ ಔಷಧಿ ಒಗ್ಗಲ್ಲ ಅಮ್ಮಾ. ಇನ್ನೊಂದು ವಾರ ನೋಡೋಣ. ಆಮೇಲೂ ಹೀಗೇ ಇದ್ರೆ, ಅದನ್ನ ಇನ್ನೂ ನರಳಿಸ್ಬೇಕಾ ಅಂತ ನೀವೇ ಯೋಚ್ನೆ ಮಾಡಿ” ಎಂದಳು. ನಿನ್ನ ಗಂಡ ಆಸ್ಪತ್ರೆಯ ಮೆಟ್ಟಿಲ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಅತ್ತುಬಿಟ್ಟ ಮಗಳೇ. “ಅವಳಿಗೆ ಹೇಗಮ್ಮಾ ಬರೀಲಿ?” ಎಂದ. “ಇವತ್ತು ಬರೀಬೇಡ, ಒಂದು ವಾರ ಇದೆಯಲ್ಲ” ಎಂದೆ.

ಮರುದಿನ ಮಧ್ಯಾಹ್ನ ಕೆಲಸ ಬದಿಗಿಟ್ಟು ಅವಳ ಪುಟ ತೆಗೆದು ಕೂತೆ. ಉಡುಪು ಕೆಟ್ಟರೆ ನಾನು ಬಟ್ಟೆಯನ್ನು ಬೈಯುವುದಿಲ್ಲ, ಎಲ್ಲಿ ಅಳತೆ ತಪ್ಪಿತು ಎಂದು ಹಿಂದಕ್ಕೆ ಹೋಗುತ್ತೇನೆ. ಹಾಗೇ ಬೆರಳಿಟ್ಟುಕೊಂಡು ಹಿಂದಕ್ಕೆ ಹೋದೆ. ಅಂಕಿ ಏರಲು ಶುರುವಾದದ್ದು ಒಂದು ಮಂಗಳವಾರ. ಅದರ ಹಿಂದಿನ ಸಾಲಿನಲ್ಲಿ ನನ್ನದೇ ಅಕ್ಷರ: ‘ಸಿರಿಂಜ್ ಮುಗಿಯಿತು, ಹೊಸ ಪೊಟ್ಟಣ’. ಡಾಕ್ಟರಮ್ಮ ಕೊಟ್ಟ ಸಿರಿಂಜ್ ಮುಗಿದಾಗ ಮೂಲೆಯ ಔಷಧಿ ಅಂಗಡಿಯಿಂದ ತಂದದ್ದು. ಬಳಸಿದ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡುತ್ತಿದ್ದೆನಲ್ಲ, ಚಿಮಟದಿಂದ ಹಳೆಯದೊಂದನ್ನು ಎತ್ತಿ, ಹೊಸದರ ಪಕ್ಕ ಮೆಷಿನ್ನಿನ ದೀಪದ ಕೆಳಗಿಟ್ಟೆ. ಹಳೆಯದಕ್ಕೆ ಕೆಂಪು ಮುಚ್ಚಳ, ಹೊಸದಕ್ಕೆ ಕಿತ್ತಳೆ. ಇಷ್ಟು ದಿನ ಬಣ್ಣ ಬದಲಾಗಿದೆ ಅಷ್ಟೇ ಅಂದುಕೊಂಡಿದ್ದೆ. ಭೂತಗನ್ನಡಿ ಹಿಡಿದು ನೋಡಿದರೆ ಹಳೆಯದರಲ್ಲಿ ಗೆರೆಗಳು ದೂರದೂರ, ಹೊಸದರಲ್ಲಿ ಒತ್ತೊತ್ತು. ಕೊಳವೆಯ ಮೇಲೆ ಒಂದರಲ್ಲಿ ನಲವತ್ತು ಎಂದಿದೆ, ಇನ್ನೊಂದರಲ್ಲಿ ನೂರು. ಇನ್ಸುಲಿನ್ ಸೀಸೆ ತೆಗೆದು ನೋಡಿದೆ, ಅದರ ಮೇಲೆ ನಲವತ್ತು, ಅಂದರೆ ಅದರ ಅಳತೆಗೆ ಹೊಂದುವುದು ಕೆಂಪು ಮುಚ್ಚಳದ್ದೇ! ಆದರೂ ಕಣ್ಣನ್ನು ನಂಬದೆ ನೀರಿನಲ್ಲಿ ಪರೀಕ್ಷೆ ಮಾಡಿದೆ. ಕಿತ್ತಳೆಯದರಲ್ಲಿ ಹತ್ತರ ಗೆರೆಯವರೆಗೆ ನೀರು ತುಂಬಿ ಒಂದು ಮುಚ್ಚಳಕ್ಕೆ ಬಿಟ್ಟು, ಅದನ್ನೇ ಕೆಂಪಿನದರಲ್ಲಿ ಎಳೆದೆ. ನಾಲ್ಕರಲ್ಲಿ ನಿಂತಿತು. ಮತ್ತೆ ಮಾಡಿದೆ. ಮತ್ತೆ ನಾಲ್ಕು. ಅಂದರೆ ಎರಡು ಯೂನಿಟ್ ಕೊಡುತ್ತಿದ್ದೇನೆ ಎಂದುಕೊಂಡು ನಾನು ಒಂದನ್ನೂ ಪೂರ್ತಿ ಕೊಡುತ್ತಿರಲಿಲ್ಲ. ಐದು ವಾರ ಆ ಮೂಕಪ್ರಾಣಿಗೆ ಅರೆಹೊಟ್ಟೆಯ ಔಷಧಿ ಹಾಕಿದ್ದೆ. ಅಳು ಬಂತು. ಆದರೆ ಅಳುತ್ತಲೇ ಚಪ್ಪಲಿ ಮೆಟ್ಟಿದೆ.

ಡಾಕ್ಟರಮ್ಮನ ಕೋಣೆಯಲ್ಲಿ ಯಾರದೋ ನಾಯಿ ಮೇಜಿನ ಮೇಲಿತ್ತು. ಸಾಲಿನಲ್ಲಿದ್ದವರನ್ನೆಲ್ಲ ದಾಟಿ ಒಳಗೆ ಹೋಗಿ ಎರಡು ಸಿರಿಂಜನ್ನೂ ಅವಳ ಮುಂದಿಟ್ಟೆ. ಅವಳು ನೋಡಿದಳು, ತಲೆಯ ಮೇಲಿನ ಕನ್ನಡಕ ಇಳಿಸಿ ಮತ್ತೆ ನೋಡಿದಳು, ಕುರ್ಚಿಯಲ್ಲಿ ಕುಸಿದಳು. “ಅಯ್ಯೋ ಅಮ್ಮಾ, ಎಷ್ಟು ಹಾಕ್ತೀರಿ ಅಂತ ಪ್ರತಿ ಸಲ ಕೇಳ್ದೆ. ಯಾವುದ್ರಲ್ಲಿ ಹಾಕ್ತೀರಿ ಅಂತ ಒಂದ್ಸಲನೂ ಕೇಳ್ಲಿಲ್ಲ. ತಪ್ಪು ನಂದು” ಎಂದಳು. ಅಷ್ಟು ಓದಿದವಳು ನಾಯಿ ಹಿಡಿದವರ ಎದುರಿಗೇ ಹಾಗೆ ಒಪ್ಪಿಕೊಂಡಳಲ್ಲ, ನನ್ನ ಸಿಟ್ಟೆಲ್ಲ ಅಲ್ಲೇ ಕರಗಿತು. ಕೆಂಪು ಮುಚ್ಚಳದ್ದರಲ್ಲಿ ಎರಡು ಹಾಕಿದರೆ ಅಪಾಯ, ಮತ್ತೆ ಒಂದರಿಂದಲೇ ಶುರು ಮಾಡಿ ಎಂದು ತಾನೇ ಒಂದು ಪೊಟ್ಟಣ ಕೊಟ್ಟಳು. ಔಷಧಿ ಅಂಗಡಿಯವನು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. “ಎಲ್ಲಾ ಸಿರಿಂಜೂ ಒಂದೇ ಅಜ್ಜಿ” ಎಂದ. “ಅಜ್ಜಿ ಆಮೇಲಾಗ್ತೀನಿ, ಒಂದು ಲೋಟ ನೀರು ತಗೊಂಡು ಬಾಪ್ಪಾ” ಎಂದೆ. ಗಿರಾಕಿಗಳೆಲ್ಲ ಸುತ್ತ ನಿಂತು ನೋಡುತ್ತಿದ್ದಂತೆ ಹತ್ತು ತುಂಬಿ ನಾಲ್ಕು ತೋರಿಸಿದೆ. ಈಗ ಅವನ ಕಟ್ಟೆಯ ಮೇಲೆ ಅವನೇ ಬರೆದು ಅಂಟಿಸಿದ್ದಾನೆ: ‘ಇನ್ಸುಲಿನ್ ಸೀಸೆಯ ಅಂಕಿ ಹೇಳಿ, ಸಿರಿಂಜ್ ಪಡೆಯಿರಿ’. ಆ ಕಡೆ ಹೋದಾಗಲೆಲ್ಲ ಒಂದು ಸಲ ಓದಿಕೊಂಡೇ ಬರುತ್ತೇನೆ.

ಅಲ್ಲಿಂದ ಅಂಕಿ ಇಳಿದದ್ದು ನೋಡಬೇಕಿತ್ತು ನೀನು. ನಾಲ್ಕೇ ದಿನಕ್ಕೆ ಮುನ್ನೂರು, ಎರಡು ವಾರಕ್ಕೆ ಇನ್ನೂರರ ಒಳಗೆ. ಮೊದಲು ಮೈ ನೆಕ್ಕಿಕೊಂಡಳು, ಆಮೇಲೆ ಹಿಮ್ಮಡಿ ಒಂದೊಂದೇ ಎಳೆ ಮೇಲೆದ್ದಿತು. ಆರನೇ ವಾರ ಒಂದು ಬೆಳಿಗ್ಗೆ ಚುಚ್ಚುವ ಮುಂಚೆ ಮೀಟರ್ ನೋಡಿದರೆ ಐವತ್ತೆಂಟು! ನಡೆಯುವಾಗ ಸ್ವಲ್ಪ ತೂರಾಡಿದಳು. ಸಕ್ಕರೆ ಅಷ್ಟು ಇಳಿದರೆ ಜೀವಕ್ಕೇ ಕುತ್ತು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದಳು. ಸಿರಿಂಜ್ ಮುಟ್ಟಲಿಲ್ಲ. ಒಸಡಿಗೆ ಜೇನು ಸವರಿದೆ, ಊಟ ಇಟ್ಟೆ, ಒಂದು ಕೈಯಲ್ಲಿ ಅವಳನ್ನು ಹಿಡಿದು ಇನ್ನೊಂದರಲ್ಲಿ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಹದಿನೈದು ನಿಮಿಷಕ್ಕೆ ತೊಂಬತ್ತು ದಾಟಿತು. “ಕೂಡಲೇ ಕರ್ಕೊಂಡು ಬನ್ನಿ” ಎಂದಳು. ಓಡಿದೆ, ಮೊಣಕಾಲಿನ ಮುನಿಸು ಆವತ್ತು ಎಲ್ಲಿ ಹೋಗಿತ್ತೋ. ಪರೀಕ್ಷೆ ಮಾಡಿ ಡಾಕ್ಟರಮ್ಮ ನಕ್ಕಳು. “ಅದರ ಮೈ ತಾನೇ ಕೆಲ್ಸ ಶುರು ಮಾಡಿದೆ ಅಮ್ಮಾ. ಈ ಔಷಧಿ ಈಗ ಹೆಚ್ಚಾಗ್ತಿದೆ” ಎಂದು ಅರ್ಧ ಮಾಡಿಸಿದಳು, ಮುಂದಿನ ವಾರ ನಿಲ್ಲಿಸಿಯೇ ಬಿಟ್ಟಳು.

ಇವತ್ತಿಗೆ ಇಪ್ಪತ್ತೊಂದು ದಿನ, ಒಂದು ಚುಚ್ಚೂ ಇಲ್ಲ. ಬೆಳಗಿನ ಅಂಕಿ ತೊಂಬತ್ತಾರು. ತೂಕ ನಾಲ್ಕೂವರೆ. ಕಾಯಿಲೆ ಮರಳಿ ಬಂದರೂ ಬರಬಹುದು, ವಾರಕ್ಕೆರಡು ಸಲ ಕಿವಿ ನೋಡುತ್ತಿರಿ ಎಂದಿದ್ದಾಳೆ ಡಾಕ್ಟರಮ್ಮ. ಬರಲಿ, ನೋಡಿಕೊಳ್ಳೋಣ, ನನಗೀಗ ದಾರಿ ಗೊತ್ತು. ಮೊನ್ನೆ ಗಿರಾಕಿಯ ಉಣ್ಣೆಯ ಕೋಟಿಗೆ ಸೀಮೆಸುಣ್ಣದ ಗೆರೆ ಹಾಕುತ್ತಿದ್ದೆ, ಧೊಪ್ ಎಂದು ಎದುರಿಗೆ ಬಂದು ಕೂತಳು. ನೆಲದಿಂದ ಮೇಜಿಗೆ, ಒಂದೇ ನೆಗೆತ! ಕೋಟಿನ ತುಂಬ ಅವಳ ಕೂದಲು. ನಾನು ಕತ್ತರಿ ಕೆಳಗಿಟ್ಟು ಬೇಕರಿಗೆ ಫೋನ್ ಮಾಡಿದೆ. ನಿನ್ನ ಗಂಡ ಏಪ್ರನ್ ಸಮೇತ ಓಡಿ ಬಂದ, ಅವಳನ್ನು ಕೆಳಗಿಳಿಸಿ “ಇನ್ನೊಂದ್ಸಲ, ಇನ್ನೊಂದ್ಸಲ” ಎಂದು ನಾಲ್ಕು ಸಲ ಹಾರಿಸಿದ. ಆ ಹೊತ್ತಿಗೆ ಒಲೆಯಲ್ಲಿದ್ದ ಬ್ರೆಡ್ಡೆಲ್ಲ ಇದ್ದಿಲಾಗಿತ್ತಂತೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಕರಕಲು ಮಾಡಿದ, ಒಂದಿಷ್ಟೂ ಬೇಸರವಿಲ್ಲ ಅವನಿಗೆ.

ಕೈ ಜೋಪಾನ, ಕಣ್ಣು ಜೋಪಾನ, ಬಿಸಿ ಯಂತ್ರಗಳ ಹತ್ತಿರ ಕೂದಲು ಬಿಗಿಯಾಗಿ ಕಟ್ಟಿಕೋ. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನಮಸ್ಕಾರ. ಸಮುದ್ರ ನಿನ್ನ ಪಾಲಿಗೆ ಮೆತ್ತಗಿರಲಿ, ಹೋದಲ್ಲೆಲ್ಲ ಗೆದ್ದು ಬಾ.

ನಿನ್ನ ಅತ್ತೆ,
ದರ್ಜಿ ಮತ್ತು ಬೆಕ್ಕಿನ ಕಾಂಪೌಂಡರ್

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ನಿನ್ನ ಗಂಡ ಬಂದು ಇನ್ನೊಂದು ಮಾತು ಬಾಯಿಬಿಟ್ಟ. ಕಂಪನಿಯವರು ನಿನ್ನನ್ನು ಚೀಫ್ ಎಂಜಿನಿಯರ್ ಮಾಡುತ್ತೇವೆಂದು ಕಾಗದ ಕೊಟ್ಟು ಮೂರು ವಾರವಾಯಿತಂತೆ. ‘ಇನ್ನೂ ಒಂದು ವರ್ಷ ದೂರ ಇರಬೇಕು, ಬೆಕ್ಕಿಗೆ ಬೇರೆ ಹುಷಾರಿಲ್ಲ, ಅತ್ತೆ ಒಬ್ಬರೇ ಎಷ್ಟೂಂತ ಮಾಡ್ತಾರೆ’ ಎಂದು ಸಹಿ ಹಾಕದೆ ಇಟ್ಟುಕೊಂಡಿದ್ದೀಯಂತೆ. ಅತ್ತೆ ಒಬ್ಬಳೇ ಎಷ್ಟು ಮಾಡುತ್ತಾಳೆ ಎಂದು ಮೇಲೆ ಬರೆದಿದ್ದೇನೆ, ಬೇಕಾದರೆ ಇನ್ನೊಂದು ಸಲ ಓದಿಕೋ. ಓದಿ ಮುಗಿದ ಕೂಡಲೇ ಪೆನ್ನು ತೆಗೆದು ಸಹಿ ಹಾಕು. ಬೇಡ ಎಂದು ವಾಪಸ್ ಬಂದರೆ ಬಾಗಿಲು ತೆಗೆಯುವವಳು ನಾನೇ ಎನ್ನುವುದು ನೆನಪಿರಲಿ.