ಬ್ರೇಕ್ ಪೆಡಲಿನ ತುಂಡು

ಅಪ್ಪಾ,

ಇವತ್ತು ಹಳೆ ಬೈಕಿನವರ ಸಂಘದ ಸ್ಪರ್ಧೆಯಲ್ಲಿ ನಿನ್ನ ಬೈಕಿಗೆ ಮೊದಲ ಬಹುಮಾನ ಬಂತು. ಅಧ್ಯಕ್ಷರು ಮಂಡಿಯೂರಿ ಒಂದೊಂದು ನಟ್ಟನ್ನೂ ನೋಡಿ, "ಅಸಲಿ ಅಂದ್ರೆ ಇದು. ನಿಮ್ಮಪ್ಪ ಹೋಗೋವರೆಗೂ ಏನೂ ಬದಲಾಯಿಸಿಲ್ಲ ಅಲ್ವಾ?" ಎಂದರು.

"ಏನೂ ಇಲ್ಲ" ಎಂದೆ.

ಆಮೇಲೆ ಒಬ್ಬರು ಕುಂಟುತ್ತಾ ಬಂದರು. ಅವರದು ಹಳೆಯದರಂತೆ ಕಾಣುವ ಹೊಸ ಬೈಕು. ಬ್ರೇಕ್ ಪೆಡಲಿಗೆ ಕಬ್ಬಿಣದ ತುಂಡು ಬೆಸೆದು ಎತ್ತರಿಸಿದ್ದರು.

"ಹೊಸದಕ್ಕೆ ಹಳೇ ವೇಷ, ಮೇಲೊಂದು ಊರುಗೋಲು ಬೇರೆ" ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ಬಹುಮಾನ ಕೈಯಲ್ಲಿತ್ತು, ನಾನೂ ನಕ್ಕೆ.

ಮುಂದಿನ ವರ್ಷ ಅಸಲಿ-ನಕಲಿ ನೋಡುವವನು ನಾನೇ ಅಂತೆ. ಆಗಲಿ ಎಂದೆ.

ನಿನ್ನ ಗಿಡ್ಡ ಬಲಗಾಲಿಗೆಂದು ಬ್ರೇಕ್ ಪೆಡಲಿಗೆ ನೀನೇ ಬೆಸೆದಿದ್ದ ತುಂಡನ್ನು ಹೋದ ತಿಂಗಳು ಗರಗಸದಲ್ಲಿ ಕೊಯ್ದು ತೆಗೆದೆ. ಬಿಸಾಡಿಲ್ಲ. ನಿನ್ನ ಚಪ್ಪಲಿ ಸವೆಸಿದ ಕಡೆ ಇನ್ನೂ ಹೊಳೆಯುತ್ತಿದೆ.